ಜಾಲಿ ಮುಳ್ಳಿನ ಪಂಕ್ಚರ್ ಕಾಟ ತಪ್ಪಿದ್ದು ಹಿಂಗ

ಗಂಗಾವತಿಯಿಂದ ಕಾರಟಗಿ ಕಡೆ ರೋಡ್ ಬೈಕ್ (ತೆಳು ಟೈರಿನ ಸೈಕಲ್) ಹೊಡಿಯೋದಂದ್ರ ನಂಗ ಭಾಳ ಖುಷಿ, ಏರಿಲ್ಲ ಇಳುಕಲಿಲ್ಲ, ಎರಡೂ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರು ನಿಂತ ಭತ್ತದ ಗದ್ದಿ, ಬೆಳ್ಳಕ್ಕಿ ಹಿಂಡು. ಆದ್ರ ದಾರಿಗುಂಟ ಬಳ್ಳಾರಿ ಜಾಲಿ ಐತಲ್ಲ, ಅದರ ಮುಳ್ಳಿಂದ ಒಂದೇ ತಿಂಗಳಾಗ ನಾಕು ಪಂಕ್ಚರ್! ಹೊಸ ಟ್ಯೂಬ್ ಹಾಕಿದ್ರೂ ಮರುದಿನ ಮತ್ತ ಗಾಳಿ ಇಲ್ಲ. ಕೊನಿಗೆ ಟೈರ್ ಒಳಗ ಹತ್ತಿ ಸವರಿದೆ, ಒಂದ್ ಕಡೆ ಎಳೆ ಸಿಕ್ಕಂತು ನೋಡ್ರಿ, ಮುಳ್ಳಿನ ತುದಿ ಅಲ್ಲೇ ಮುರಿದು ಕುಂತಿತ್ತು, ಹೊರಗಿಂದ ಕಾಣಂಗೇ ಇಲ್ಲ. ಚಿಮಟದಿಂದ ಕಿತ್ತೆ. ಟ್ಯೂಬಿನ ತೂತು ವಾಲ್ವ್‌ನಿಂದ ಎಷ್ಟು ದೂರ ಐತಿ ಅಂತ ಅಳದು ಟೈರಿಗೆ ಹೊಂದಿಸಿದ್ರ ಜಾಗ ಲಗೂನ ಸಿಗ್ತದ. ಆಮ್ಯಾಲ 25 ಎಂಎಂ ಅಗಲದ ಟೈರ್ ತಗದು, 28 ಎಂಎಂ ಅಗಲದ, ಒಳಗ ಮುಳ್ಳು ತಡಿಯೋ ದಪ್ಪ ಪಟ್ಟಿ (ಬೆಲ್ಟ್) ಇರೋ ಟೈರ್ ಹಾಕಿ ಟ್ಯೂಬಿಗೆ ಸೀಲಂಟ್ (ಸಣ್ಣ ತೂತು ತಾನೇ ಮುಚ್ಚೋ ದ್ರವ) ಬಿಟ್ಟೆ, ಅದಕ್ಕ ವಾಲ್ವ್ ಕೋರ್ (ವಾಲ್ವಿನ ಒಳಗಿನ ಭಾಗ) ಬಿಚ್ಚೋಕೆ ಬರೋ ಟ್ಯೂಬೇ ಬೇಕು. ಆರು ವಾರ ಆತು, ಒಂದೂ ಪಂಕ್ಚರ್ ಇಲ್ಲ.