ಜೀಪಿನ ಬೆಲ್ಟ್ ಫ್ಯಾನ್ ತೆಗೆದು ಕರೆಂಟ್ ಫ್ಯಾನ್ ಹಾಕಿದ್ದು: ನನ್ನ ಅನುಭವ

ಗಾಡಿ ಮಹೀಂದ್ರಾ ಎಂಎಂ 540 ಜೀಪು. 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್, ಎಸಿ ಇಲ್ಲ, ಎಂಜಿನ್ ನೀರನ್ನು ತಣಿಸಲು ಹಿತ್ತಾಳೆ ಟ್ಯಾಂಕಿನ ಹಳೇ ರೇಡಿಯೇಟರ್. ಓಡಾಟ ದಾವಣಗೆರೆ ಸುತ್ತಲಿನ ಎರೆ ಹೊಲಗಳಲ್ಲಿ, ಮಾಯಕೊಂಡದ ಕಡೆಯ ಬಂಡಿ ಜಾಡುಗಳಲ್ಲಿ, ಚಿತ್ರದುರ್ಗದ ಕಲ್ಲುಗುಡ್ಡಗಳ ಏರುಗಳಲ್ಲಿ. ಹೈವೇಯಲ್ಲಿ ಈ ಗಾಡಿಯ ಎಂಜಿನ್ ಎಂದೂ ಅತಿಯಾಗಿ ಬಿಸಿಯಾಗಿದ್ದಿಲ್ಲ. ಕಾಯುತ್ತಿದ್ದದ್ದು ಲೋ ಗೇರಿನಲ್ಲಿ, ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ, ಆಳು ನಡೆಯುವ ವೇಗದಲ್ಲಿ ಏರು ಹತ್ತುವಾಗ.

ಕಾರಣ ಸರಳ. ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬೆಲ್ಟ್ ಫ್ಯಾನನ್ನು ಎಂಜಿನ್ನೇ ತಿರುಗಿಸುವುದರಿಂದ ಅದರ ವೇಗ ಎಂಜಿನ್ ವೇಗಕ್ಕೆ ಕಟ್ಟುಬಿದ್ದಿದೆ. ಲೋ ಗೇರಿನಲ್ಲಿ ಎಂಜಿನ್ 1200 ಆರ್‌ಪಿಎಂನಲ್ಲಿ ಏದುತ್ತಿರುತ್ತದೆ, ಎದುರುಗಾಳಿ ಇಲ್ಲವೇ ಇಲ್ಲ, ಫ್ಯಾನ್ ಕೂಡ ಸೋಮಾರಿಯಾಗಿ ತಿರುಗುತ್ತಿರುತ್ತದೆ. ಅದೇ ಹೈವೇಯಲ್ಲಿ 60ರ ವೇಗಕ್ಕೆ ಎದುರುಗಾಳಿಯೇ ಸಾಕು, ಆದರೆ ಫ್ಯಾನ್ ಜೋರಾಗಿ ತಿರುಗಿ ಶಕ್ತಿ ತಿನ್ನುತ್ತದೆ. ಹಳ್ಳ ದಾಟುವಾಗ ಇನ್ನೊಂದು ಕಾಟ. ತಿರುಗುವ ರೆಕ್ಕೆ ನೀರಿಗೆ ಸಿಕ್ಕರೆ ದೋಣಿಯ ಪ್ರೊಪೆಲ್ಲರಿನಂತೆ ಮುಂದಕ್ಕೆ ಬಾಗುತ್ತದೆ, ರೇಡಿಯೇಟರಿನ ಕೋರ್ (ಸಣ್ಣ ಕೊಳವೆ, ತೆಳು ಫಿನ್ನುಗಳ ಜಾಲರಿ) ಗೀರುತ್ತದೆ. ಬ್ಯಾಟರಿಯಿಂದ ಓಡುವ ಕರೆಂಟ್ ಫ್ಯಾನನ್ನು ನೀರಿಗಿಳಿಯುವ ಮೊದಲು ಆಫ್ ಮಾಡಬಹುದು. ಈ ಒಂದು ಕಾರಣಕ್ಕಾದರೂ ನಾನು ಇದನ್ನು ಮಾಡುತ್ತಿದ್ದೆ.

ಒಂದು ಮಾತು ಮೊದಲೇ ಹೇಳಬೇಕು. ಹೂಳು ಕಟ್ಟಿದ ರೇಡಿಯೇಟರಿಗೆ ಯಾವ ಫ್ಯಾನೂ ಮದ್ದಲ್ಲ. ನಮ್ಮ ಕಡೆ ಬೋರ್‌ವೆಲ್ಲಿನ ಸವುಳು ನೀರನ್ನೇ ವರ್ಷಗಟ್ಟಲೆ ಸುರಿದ ಜೀಪುಗಳು ಬಹಳ. ಕೊಳವೆಗಳ ಒಳಗೆ ಬಿಳೀ ಸುಣ್ಣದ ಪದರ ಕಟ್ಟಿರುತ್ತದೆ. ಮೊದಲು ರೇಡಿಯೇಟರ್ ಅಂಗಡಿಯಲ್ಲಿ ಟ್ಯಾಂಕ್ ಬಿಚ್ಚಿಸಿ ಕೊಳವೆಗಳಿಗೆ ಕಡ್ಡಿ ಹೊಡೆಸಿ ಸ್ವಚ್ಛ ಮಾಡಿಸಿ. ಎಂಜಿನ್ ಓಡುವಾಗ ಮೇಲಿನ ಟ್ಯಾಂಕಿನಲ್ಲಿ ನಿಲ್ಲದೆ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ನೋಡಿಸಿ. ನೀರು ಬಿಸಿಯಾದ ಮೇಲಷ್ಟೇ ಅದನ್ನು ರೇಡಿಯೇಟರಿಗೆ ಬಿಡುವ ಕವಾಟವೇ ಥರ್ಮೋಸ್ಟಾಟ್. ಅದನ್ನು ದಾರ ಕಟ್ಟಿ, ಪಾತ್ರೆಯ ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ಮೇಲೆ 82 ಎಂದು ಒತ್ತಿದ್ದರೆ ಸುಮಾರು ಆ ಡಿಗ್ರಿಗೆ ಬಾಯಿ ಬಿಡಲು ಶುರು ಮಾಡಬೇಕು. ಪಾತ್ರೆಗೆ ಅಡುಗೆಮನೆಯ ಥರ್ಮಾಮೀಟರ್ ಇಟ್ಟರೆ ಸಾಕು. ಬೇಸಿಗೆ ಬಂತೆಂದು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಅದಿಲ್ಲದಿದ್ದರೆ ಎಂಜಿನ್ ಚಳಿಗಾಲದ ಬೆಳಿಗ್ಗೆ ಬಿಸಿಯೇ ಆಗದೆ ಸವೆಯುತ್ತದೆ.

ಇನ್ನು ಫ್ಯಾನ್. ಎಂಜಿನ್ ಅಡ್ಡ ಕೂತಿರುವ ಕಾರುಗಳಿಗೆಲ್ಲ ಕರೆಂಟ್ ಫ್ಯಾನೇ ಇರುವುದರಿಂದ ಗುಜರಿಯಲ್ಲಿ ಆಯ್ಕೆ ಬೇಕಾದಷ್ಟಿದೆ. ಡೀಸೆಲ್ ಕಾರಿನದನ್ನೇ ಹುಡುಕಿ. ವ್ಯಾಸ ಒಂದನ್ನೇ ನೋಡಿ ಮೋಸ ಹೋಗಬೇಡಿ. ಎಸಿ ಕಂಡೆನ್ಸರಿನ ಮುಂದೆ ಕೂರುವ ತೆಳು ಫ್ಯಾನುಗಳೂ 14 ಇಂಚು ಇರುತ್ತವೆ, ಆದರೆ ಮೋಟರ್ ಸಣ್ಣದು, ರೆಕ್ಕೆಯ ಆಳ ಕಡಿಮೆ, ದಪ್ಪ ಕೋರಿನ ಮೂಲಕ ಗಾಳಿ ಎಳೆಯುವ ತಾಕತ್ತಿಲ್ಲ. ನಾನು ಹಾಕಿದ್ದು 16 ಇಂಚಿನದು, 13.5 ವೋಲ್ಟಿನಲ್ಲಿ ಓಡುವಾಗ 17 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣಕ್ಕೆ ಅದರ ಎರಡು ಪಟ್ಟಿಗೂ ಮೇಲೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಬ್ಯಾಟರಿಗೆ ಕೊಟ್ಟು ಐದು ನಿಮಿಷ ಓಡಿಸಿ, ಕ್ಲ್ಯಾಂಪ್ ಮೀಟರಿನಲ್ಲಿ ಅಳೆಯಿರಿ. ಮನೆ ವೈರಿಂಗಿನವರ ಬಳಿ ಇರುವ ಅಗ್ಗದ ಕ್ಲ್ಯಾಂಪ್ ಮೀಟರುಗಳಲ್ಲಿ ಹೆಚ್ಚಿನವು ಮನೆ ಕರೆಂಟಿನ (ಎಸಿ) ಆಂಪಿಯರ್ ಮಾತ್ರ ಓದುತ್ತವೆ, ಬ್ಯಾಟರಿ ಕರೆಂಟ್ (ಡಿಸಿ) ಓದುವಂಥದ್ದೇ ಬೇಕು. ಓಡುತ್ತಾ ಓಡುತ್ತಾ ಆಂಪಿಯರ್ ಏರುತ್ತಲೇ ಹೋದರೆ ಮೋಟರಿನ ಒಳಗಿನ ಬುಷ್ (ಬೇರಿಂಗ್) ಹಿಡಿಯುತ್ತಿದೆ ಎಂದರ್ಥ, ಅದನ್ನು ಅಲ್ಲೇ ಬಿಡಿ.

ರೇಡಿಯೇಟರಿನ ಹಿಂದೆ, ಎಂಜಿನ್ ಕಡೆಗೆ ಕೂರಿಸಿ ಗಾಳಿಯನ್ನು ಎಳೆಯುವಂತೆ ಮಾಡುವುದೇ ಸರಿ. ಜಾಗವಿಲ್ಲವೆಂದು ಮುಂದೆ ಕಟ್ಟಿದರೆ ಎದುರುಗಾಳಿಗೆ ಫ್ಯಾನೇ ಅಡ್ಡ, ಕಲ್ಲು-ಕೆಸರಿಗೂ ಅದೇ ಮೊದಲು ಸಿಗುವುದು. ವೈರ್ ಅದಲುಬದಲು ಮಾಡಿದರೆ ಗಾಳಿಯ ದಿಕ್ಕೇನೋ ಬದಲಾಗುತ್ತದೆ, ಆದರೆ ರೆಕ್ಕೆಯ ಬಾಗು ಒಂದೇ ದಿಕ್ಕಿಗೆ ಮಾಡಿದ್ದು, ಉಲ್ಟಾ ತಿರುಗಿಸಿದರೆ ಸದ್ದು ಜಾಸ್ತಿ, ಗಾಳಿ ಕಡಿಮೆ.

ಬಿಚ್ಚುವ ಕೆಲಸ ಅರ್ಧ ಗಂಟೆಯದು. ವಾಟರ್ ಪಂಪಿನ ಪುಲಿ, ಸ್ಪೇಸರ್, ಫ್ಯಾನ್ ಎಲ್ಲ ಒಂದೇ ನಾಲ್ಕು ಬೋಲ್ಟಿನಲ್ಲಿ ಬಿಗಿದಿರುತ್ತವೆ. ಫ್ಯಾನ್ ಮತ್ತು ಸ್ಪೇಸರ್ ತೆಗೆದ ಮೇಲೆ ಹಳೇ ಬೋಲ್ಟನ್ನೇ ವಾಪಸ್ ಹಾಕಬೇಡಿ. ಆ ಎರಡರ ದಪ್ಪದಷ್ಟು ಉದ್ದ ಹೆಚ್ಚಾಗಿ, ಬೋಲ್ಟಿನ ತುದಿ ಹಬ್ಬಿನ ಹಿಂದೆ ಚಾಚಿ ಪಂಪಿನ ಬಾಡಿಗೆ ಉಜ್ಜುತ್ತದೆ, ಇಲ್ಲವೆ ಬಿಗಿಯಾದಂತೆ ಕಂಡರೂ ಪುಲಿ ಸಡಿಲವಾಗಿಯೇ ಇರುತ್ತದೆ. ಹಳೇ ಬೋಲ್ಟ್ ಒಂದನ್ನು ಮಾದರಿಗೆ ಹಿಡಿದು ಪಿ.ಬಿ. ರೋಡಿನ ಬೋಲ್ಟ್-ನಟ್ ಅಂಗಡಿಗೆ ಹೋಗಿ, ಅದೇ ಥ್ರೆಡ್, ಅಷ್ಟು ಗಿಡ್ಡದ್ದು, ಸ್ಪ್ರಿಂಗ್ ವಾಷರ್ ಸಮೇತ ತನ್ನಿ. ಬೆಲ್ಟ್ ಮಾತ್ರ ಹಾಗೇ ಇರಬೇಕು, ಪಂಪನ್ನೂ ಡೈನಮೋವನ್ನೂ ಅದೇ ತಿರುಗಿಸುವುದು.

ಶ್ರೌಡ್ ಅಂದರೆ ಫ್ಯಾನಿಗೂ ರೇಡಿಯೇಟರಿಗೂ ನಡುವಿನ ತಗಡಿನ ಗೂಡು. ಈ ಕೆಲಸದ ಜೀವ ಇರುವುದೇ ಅಲ್ಲಿ. ಲೆಕ್ಕ ನೋಡಿ: ನನ್ನ ಕೋರ್ 46 ಸೆಂಮೀ ಅಗಲ, 44 ಸೆಂಮೀ ಎತ್ತರ, ಒಟ್ಟು 2024 ಚದರ ಸೆಂಮೀ. 40 ಸೆಂಮೀ ವ್ಯಾಸದ ಫ್ಯಾನ್ ನೇರವಾಗಿ ಮುಚ್ಚುವುದು 1257. ಅಂದರೆ ಶ್ರೌಡ್ ಇಲ್ಲದೆ ಫ್ಯಾನನ್ನು ಕೋರಿಗೇ ಒತ್ತಿ ಕಟ್ಟಿದರೆ ನೂರಕ್ಕೆ 38 ಪಾಲು ರೇಡಿಯೇಟರ್ ನಿಂತ ಗಾಡಿಯಲ್ಲಿ ಬಿಟ್ಟಿ ಕೂತಿರುತ್ತದೆ. ಪ್ಲಾಸ್ಟಿಕ್ ಕಡ್ಡಿಗಳನ್ನು ಕೋರಿನ ಮೂಲಕ ತೂರಿಸಿ ಫ್ಯಾನ್ ಕಟ್ಟುವ ಕಿಟ್‌ಗಳು ಬರುತ್ತವಲ್ಲ, ಕಾಡುದಾರಿಯ ಗಾಡಿಗೆ ಅವು ಬೇಡವೇ ಬೇಡ. ಕುಲುಕಾಟಕ್ಕೆ ಕಡ್ಡಿ ಕೊಳವೆಯನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದೆ.

ನಾನು 18 ಗೇಜಿನ ಜಿಐ ತಗಡಿನಲ್ಲಿ ಮಾಡಿಸಿದೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ಗಾಡಿಗೆ ಹಿಡಿದು ನೋಡಿ, ಆಮೇಲೆ ತಗಡಿಗೆ ಕತ್ತರಿ ಹಾಕಿ. ಕೋರಿನಿಂದ ರೆಕ್ಕೆಗೆ 50 ಮಿಮೀ ಅಂತರ ಕೊಟ್ಟರೆ ಮೂಲೆಗಳಿಂದಲೂ ಗಾಳಿ ಬರುತ್ತದೆ. ಜಾಗ ಸಾಲದಿದ್ದರೆ 25ಕ್ಕಿಂತ ಕೆಳಗಿಳಿಸಬೇಡಿ. ರೆಕ್ಕೆಯ ತುದಿಗೂ ದುಂಡನೆಯ ಬಾಯಿಗೂ ಸುತ್ತಲೂ 5-6 ಮಿಮೀ. ಶ್ರೌಡ್ ಕೋರಿನ ಚೌಕಟ್ಟಿಗೆ ತಾಗುವ ಅಂಚಿಗೆಲ್ಲ ಬಾಗಿಲಿನ ರಬ್ಬರ್ ಬೀಡಿಂಗ್ ಸಿಕ್ಕಿಸಿ. ಅಲ್ಲಿ ಬೆರಳು ತೂರುವಷ್ಟು ಸಂದಿ ಬಿಟ್ಟರೂ ಫ್ಯಾನ್ ಕೋರನ್ನು ಬಿಟ್ಟು ಸಂದಿಯಿಂದಲೇ ಎಂಜಿನ್ನಿನ ಬಿಸಿಗಾಳಿ ಎಳೆದುಕೊಳ್ಳುತ್ತದೆ. ತೂಕವೆಲ್ಲ ರೇಡಿಯೇಟರಿನ ಪಕ್ಕದ ಪಟ್ಟಿಗಳ ಮೇಲೆ, ರಬ್ಬರ್ ಬುಷ್ ಕೊಟ್ಟು, ನಾಲ್ಕು 8 ಮಿಮೀ ಬೋಲ್ಟಿನಲ್ಲಿ ಕೂರಬೇಕು.

ಪೂರ್ತಿ ಮುಚ್ಚಿದ ಶ್ರೌಡಿಗೆ ಒಂದು ದೋಷವಿದೆ: ಹೈವೇಯಲ್ಲಿ ಎದುರುಗಾಳಿ ಹೊರಹೋಗಲು ದಾರಿ ಸಾಲದು. ಅದಕ್ಕೆ ಮೂಲೆಗಳಲ್ಲಿ 8×5 ಸೆಂಮೀನ ಕಿಟಕಿ ಕತ್ತರಿಸಿ, ಎಂಜಿನ್ ಕಡೆಯಿಂದ ಹಳೇ ಟ್ರ್ಯಾಕ್ಟರ್ ಟ್ಯೂಬಿನ ತುಂಡನ್ನು ಮೇಲಂಚಿಗೆ ಮಾತ್ರ ರಿವೆಟ್ ಹೊಡೆಯಿರಿ. ಫ್ಯಾನ್ ಎಳೆಯುವಾಗ ರಬ್ಬರ್ ತಗಡಿಗೆ ಅಂಟಿಕೊಂಡು ಮುಚ್ಚುತ್ತದೆ, ವೇಗದಲ್ಲಿ ಎದುರುಗಾಳಿ ಅದನ್ನು ತಳ್ಳಿ ತೆರೆಯುತ್ತದೆ.

ಫ್ಯಾನ್ ಮೋಟರಿನ ಬೆನ್ನಿಗೂ ವಾಟರ್ ಪಂಪ್ ಪುಲಿಗೂ ಕನಿಷ್ಠ 25 ಮಿಮೀ ಇರಲಿ. ನಿಂತಾಗ ಕಾಣುವ ಜಾಗ ನಂಬಬೇಡಿ. ಎಂಜಿನ್ ರಬ್ಬರಿನ ಮೇಲೆ ಕೂತಿದೆ, ಗುಂಡಿಗೆ ಬಿದ್ದಾಗ ಮುಂದಕ್ಕೆ ಜಗ್ಗುತ್ತದೆ. ಪರೀಕ್ಷೆಗೆ ಮೋಟರಿನ ಬೆನ್ನ ಮೇಲೆ 20 ಮಿಮೀ ಎತ್ತರಕ್ಕೆ ಕಲಸಿದ ಎರೆ ಮಣ್ಣಿನ ಮುದ್ದೆ ಅಂಟಿಸಿ, ಲೋ ಗೇರಿನಲ್ಲಿ ಒಂದು ಹಳ್ಳ ಇಳಿಸಿ ಹತ್ತಿಸಿ, ಒಂದೆರಡು ಸಲ ಬ್ರೇಕ್ ಒತ್ತಿ ನೋಡಿ. ಮುದ್ದೆ ಚಪ್ಪಟೆಯಾಗಿದ್ದರೆ ಎಂಜಿನ್ ಮೌಂಟ್ ಸೋತಿದೆ, ಅದನ್ನು ಬದಲಿಸದೆ ಮುಂದೆ ಹೋಗಬಾರದು.

ಈಗ ಕರೆಂಟಿನ ಲೆಕ್ಕ. ರಾತ್ರಿ ಮಳೆಯಲ್ಲಿ ಫ್ಯಾನ್ 17, ಡಿಮ್ ಹೆಡ್‌ಲೈಟ್ 8, ವೈಪರ್ 4, ಹಿಂದಿನ ದೀಪ-ಮೀಟರ್-ಸ್ಟಾಪ್ ಸೊಲೆನಾಯ್ಡ್ (ಕರೆಂಟ್ ಇರುವವರೆಗೆ ಮಾತ್ರ ಎಂಜಿನ್ನಿಗೆ ಡೀಸೆಲ್ ಬಿಡುವ ಕವಾಟ) ಸೇರಿ 3, ಒಟ್ಟು 32 ಆಂಪಿಯರ್. ಡೈನಮೋ 35 ಆಂಪಿಯರಿನದಾದರೆ ಕಾಗದದ ಮೇಲೆ ಸಾಕೆನಿಸುತ್ತದೆ, ಆದರೆ ಆ 35 ಬರುವುದು ಎಂಜಿನ್ ಜೋರಾಗಿ ಓಡುವಾಗ. ಐಡಲ್‌ನಲ್ಲಿ ಅದರ ಅರ್ಧ ಬಂದರೆ ಹೆಚ್ಚು. ಫ್ಯಾನ್ ಬೇಕಾಗುವುದೂ ಆಗಲೇ. ಹಾಗಾಗಿ 60 ಆಂಪಿಯರಿಗೆ ಕಡಿಮೆ ಇಲ್ಲದ ಡೈನಮೋ ಬೇಕು. ಇಲ್ಲೊಂದು ಅಪಾಯ ಇದೆ, ದಯವಿಟ್ಟು ಗಮನಿಸಿ. ನಮ್ಮ ಡೀಸೆಲ್ ಜೀಪುಗಳಲ್ಲಿ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಪಂಪ್ ಎಷ್ಟೋ ಗಾಡಿಗಳಿಗೆ ಡೈನಮೋ ಬೆನ್ನಿಗೇ ಇರುತ್ತದೆ, ಆಯಿಲ್ ಪೈಪೂ ಅಲ್ಲಿಗೇ ಬರುತ್ತದೆ. ಯಾವುದೋ ಪೆಟ್ರೋಲ್ ಕಾರಿನ ಬರೀ ಡೈನಮೋ ತಂದು ಹಾಕಿದರೆ ಚಾರ್ಜ್ ಚೆನ್ನಾಗಿ ಬರುತ್ತದೆ, ಬ್ರೇಕ್ ಪೆಡಲ್ ಮಾತ್ರ ಕಲ್ಲಾಗುತ್ತದೆ. ವ್ಯಾಕ್ಯೂಮ್ ಪಂಪ್ ಇರುವ ಡೈನಮೋವನ್ನೇ ಕೇಳಿ ತನ್ನಿ.

ವೈರ್ ದಪ್ಪದಲ್ಲಿ ಉಳಿತಾಯ ಮಾಡಬೇಡಿ. 1.5 ಚದರ ಮಿಮೀ ತಾಮ್ರದ ವೈರ್ ಮೂರು ಮೀಟರಿಗೆ, 17 ಆಂಪಿಯರಿನಲ್ಲಿ ಸುಮಾರು 0.6 ವೋಲ್ಟ್ ತಿನ್ನುತ್ತದೆ. ಅರ್ಥ್ ಕಡೆಯೂ ಅಷ್ಟೇ ತಿಂದರೆ 1.2. ಹಳೇ ತಿಂಬಲ್ (ವೈರ್ ತುದಿಗೆ ಒತ್ತಿ ಕೂರಿಸುವ ಲೋಹದ ಕಿವಿ), ತುಕ್ಕು ಹಿಡಿದ ಚಾಸಿ ಅರ್ಥ್ ಸೇರಿ ಒಂದೂವರೆ ವೋಲ್ಟ್ ಹೋದರೆ ಫ್ಯಾನಿನ ವೇಗ ನೂರಕ್ಕೆ ಹತ್ತರಷ್ಟು ಬಿದ್ದಂತೆ. 4 ಚದರ ಮಿಮೀ ಹಾಕಿದರೆ ಅದೇ ಮೂರು ಮೀಟರಿಗೆ ಹೋಗುವುದು 0.25 ವೋಲ್ಟ್ ಮಾತ್ರ. ಫ್ಯಾನಿನ ಅರ್ಥನ್ನು ಬಾಡಿಗೆ ಕೊಡದೆ ನೇರ ಬ್ಯಾಟರಿ ಮೈನಸ್ಸಿಗೆ ಎಳೆದೆ.

ಜೋಡಣೆ ಹೀಗೆ. ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ 30 ಆಂಪಿಯರ್ ಫ್ಯೂಸ್, ಅಲ್ಲಿಂದ 40 ಆಂಪಿಯರ್ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) 30ನೇ ಕಾಲಿಗೆ. 87ರಿಂದ ಫ್ಯಾನಿಗೆ. 86ಕ್ಕೆ ಕೀ ಆನ್ ಮಾಡಿದಾಗ ಬರುವ ಕರೆಂಟ್, 5 ಆಂಪಿಯರ್ ಫ್ಯೂಸಿನ ಮೂಲಕ. 85 ಡ್ಯಾಶ್‌ಬೋರ್ಡಿನ ಮೂರು ನೆಲೆಯ ಸ್ವಿಚ್ಚಿನ ನಡುಕಾಲಿಗೆ. ಸ್ವಿಚ್ ಮೇಲೆತ್ತಿದರೆ, ನೀರಿನ ಬಿಸಿಗೆ ತಾನೇ ಆನ್-ಆಫ್ ಆಗುವ ಥರ್ಮೋ ಸ್ವಿಚ್ಚಿನ ಮೂಲಕ ಅರ್ಥ್, ಕೆಳಗೊತ್ತಿದರೆ ನೇರ ಅರ್ಥ್ ಸಿಕ್ಕಿ ಫ್ಯಾನ್ ಓಡುತ್ತಲೇ ಇರುತ್ತದೆ, ನಡುವೆ ನಿಲ್ಲಿಸಿದರೆ ಆಫ್, ಹಳ್ಳ ದಾಟಲಿಕ್ಕೆ. ರಿಲೇ ಕಾಲುಗಳು ಕೆಳಮುಖ ಇರಲಿ, ನೀರು ನಿಲ್ಲುವುದಿಲ್ಲ. ಗಾಜಿನ ಫ್ಯೂಸ್ ಬೇಡ, ತುದಿಗಳು ಕಾದು ಸಡಿಲಾಗುತ್ತವೆ. ಅಗ್ಗದ ಬ್ಲೇಡ್ ಫ್ಯೂಸ್ ಹೋಲ್ಡರ್ ಕೂಡ ಕರಗುತ್ತದೆ, ದೊಡ್ಡ ಮ್ಯಾಕ್ಸಿ ಫ್ಯೂಸ್ ಒಳ್ಳೆಯದು. ರಿಲೇ ಇಲ್ಲದೆ ಕೀ ಲೈನಿನಿಂದಲೇ ಫ್ಯಾನ್ ಕೊಟ್ಟರೆ ಕೀ ಸ್ವಿಚ್ ಸುಡುವುದಲ್ಲದೆ ಇನ್ನೊಂದು ವಿಚಿತ್ರವಾಗುತ್ತದೆ: ಕೀ ತೆಗೆದ ಮೇಲೂ ಸುತ್ತುತ್ತಿರುವ ಫ್ಯಾನ್ ತಾನೇ ಕರೆಂಟ್ ಹುಟ್ಟಿಸಿ ಸ್ಟಾಪ್ ಸೊಲೆನಾಯ್ಡನ್ನು ಹಿಡಿದಿಡುತ್ತದೆ, ಎಂಜಿನ್ ಒಂದೆರಡು ಸೆಕೆಂಡ್ ನಿಲ್ಲುವುದೇ ಇಲ್ಲ.

ಥರ್ಮೋ ಸ್ವಿಚ್ ನಾನು ಹಾಕಿದ್ದು 92ಕ್ಕೆ ಆನ್, 87ಕ್ಕೆ ಆಫ್ ಆಗುವುದು, 22 ಮಿಮೀ ಥ್ರೆಡ್ಡಿನದು, ಮೇಲಿನ ಟ್ಯಾಂಕಿನಲ್ಲಿ. ರೇಡಿಯೇಟರ್ ಅಂಗಡಿಯವರು ಹಿತ್ತಾಳೆ ಬುಷ್ ತಿರುವಿಸಿ ಟ್ಯಾಂಕಿಗೆ ಬೆಸುಗೆ ಹಾಕಿಕೊಡುತ್ತಾರೆ. ಎರಡು ನಿಯಮ ನೆನಪಿಡಿ. ಆಫ್ ಆಗುವ ಡಿಗ್ರಿ ಥರ್ಮೋಸ್ಟಾಟ್ ತೆರೆಯುವ ಡಿಗ್ರಿಗಿಂತ ಮೇಲಿರಬೇಕು. 82ರ ಥರ್ಮೋಸ್ಟಾಟಿಗೆ 80ಕ್ಕೆ ಆಫ್ ಆಗುವ ಸ್ವಿಚ್ ಹಾಕಿದರೆ ಫ್ಯಾನ್ ನಿಲ್ಲುವುದೇ ಇಲ್ಲ. ಎರಡನೆಯದು, ಇದೇ ಸ್ವಿಚ್ಚನ್ನು ಕೆಳಗಿನ ಟ್ಯಾಂಕಿಗೆ ಹಾಕಬಾರದು. ಅಲ್ಲಿಗೆ ಬರುವ ನೀರು ಆಗಲೇ ತಣಿದಿರುತ್ತದೆ. ಅದು 92 ಆಗುವ ಹೊತ್ತಿಗೆ ಮೇಲೆ ನೂರು ದಾಟಿರುತ್ತದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಬರೀ ನೀರು ಬಾಯಿ ತೆರೆದ ಪಾತ್ರೆಯಲ್ಲಿ 98ಕ್ಕೇ ಕುದಿಯುತ್ತದೆ. ಒತ್ತಡ ಹಿಡಿಯುವ ಒಳ್ಳೆಯ ಕ್ಯಾಪ್, ಅರ್ಧಕ್ಕರ್ಧ ಕೂಲೆಂಟ್ ಇದ್ದರೆ ಮಾತ್ರ ಕೈಯಲ್ಲಿ ಅವಕಾಶ ಉಳಿಯುತ್ತದೆ. ಬೆಸುಗೆ ಬೇಡವೆನ್ನುವವರು ಮೇಲಿನ ಹೋಸ್ ಪೈಪ್ ಕತ್ತರಿಸಿ ನಡುವೆ ಅಲ್ಯೂಮಿನಿಯಂ ಅಡಾಪ್ಟರ್ ಕೂರಿಸಬಹುದು, ಆದರೆ ಎರಡೂ ಕಡೆ ರಬ್ಬರ್ ಇರುವುದರಿಂದ, ಒಂದೇ ವೈರಿನ ಸ್ವಿಚ್ಚಾದರೆ ಅಡಾಪ್ಟರಿಗೆ ಬೇರೆ ಅರ್ಥ್ ವೈರ್ ಕೊಡಲೇಬೇಕು. ಹೊಸದಾಗಿ ಹಾಕಿದ ಸ್ವಿಚ್ ಕೆಲಸ ಮಾಡುತ್ತಿಲ್ಲ ಎಂಬ ದೂರಿಗೆ ಹೆಚ್ಚಿನ ಸಲ ಇದೇ ಕಾರಣ.

ಥರ್ಮೋ ಸ್ವಿಚ್ ಕೈಕೊಡುವ ಸಂದರ್ಭಗಳಿವೆ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕಚ್ಚಿದರೆ ರೇಡಿಯೇಟರಿಗೆ ಬಿಸಿ ನೀರೇ ಬರದು, ಸ್ವಿಚ್ ತಣ್ಣಗಿರುತ್ತದೆ. ನೀರು ಸೋರಿ ಮಟ್ಟ ಇಳಿದರೆ ಸ್ವಿಚ್ ಗಾಳಿಯಲ್ಲಿ ತೂಗುತ್ತಿರುತ್ತದೆ. ಆದ್ದರಿಂದ ಹೆಡ್ಡಿನಲ್ಲಿರುವ ಟೆಂಪರೇಚರ್ ಮೀಟರ್ ಕೆಲಸ ಮಾಡಲೇಬೇಕು, ಫ್ಯಾನ್ ಓಡುವಾಗ ಉರಿಯುವ ಸಣ್ಣ ದೀಪವೊಂದನ್ನು ರಿಲೇಯ 87ರಿಂದ ಡ್ಯಾಶ್‌ಬೋರ್ಡಿಗೆ ಎಳೆಯಿರಿ. ಮುಳ್ಳು ಏರುತ್ತಿದ್ದೂ ದೀಪ ಹತ್ತದಿದ್ದರೆ ಡ್ಯಾಶ್‌ಬೋರ್ಡಿನ ಸ್ವಿಚ್ ಕೆಳಗೊತ್ತಿ.

ಪರೀಕ್ಷೆಗೆ ಗ್ರಿಲ್ ಮುಂದೆ ಒಂದು ಹಾಳೆ ದಿನಪತ್ರಿಕೆ ಹಿಡಿಯಿರಿ. ಫ್ಯಾನ್ ಓಡುವಾಗ ಅದು ಮೂಲೆಗಳಲ್ಲೂ ಅಂಟಿ ನಿಲ್ಲಬೇಕು, ನಡುವೆ ಮಾತ್ರ ಅಂಟಿದರೆ ಶ್ರೌಡ್ ಎಲ್ಲೋ ಸೋರುತ್ತಿದೆ. ಆಮೇಲೆ ಮಟಮಟ ಮಧ್ಯಾಹ್ನ ಬಿಸಿಲಲ್ಲಿ ಐಡಲ್ ಬಿಟ್ಟು ಮೇಲಿನ-ಕೆಳಗಿನ ಟ್ಯಾಂಕಿನ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ನೋಡಿ. ಹೊಳೆಯುವ ಹಿತ್ತಾಳೆಗೆ ಹಿಡಿದರೆ ಅದು ತಪ್ಪು ಕಡಿಮೆ ಅಂಕಿ ತೋರಿಸುತ್ತದೆ, ಕರೀ ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ. ಫ್ಯಾನ್ ಆನ್ ಆದ ಮೇಲೆ ಕೆಲವೇ ನಿಮಿಷದಲ್ಲಿ ಆಫ್ ಆಗಬೇಕು. ನಿಲ್ಲದೇ ಓಡುತ್ತಿದ್ದರೆ ಏರು ಹತ್ತುವಾಗ ಅದರ ಬಳಿ ಮೀಸಲು ಶಕ್ತಿ ಉಳಿದಿಲ್ಲ ಎಂದರ್ಥ. ಹತ್ತು ನಿಮಿಷ ಓಡಿದ ಮೇಲೆ ಫ್ಯೂಸ್, ರಿಲೇ, ತಿಂಬಲ್ ಒಂದೊಂದನ್ನೂ ಬೆರಳಲ್ಲಿ ಮುಟ್ಟಿ. ಬೆಚ್ಚಗಿದ್ದರೆ ಸರಿ, ಬೆರಳು ಇಡಲಾಗದಷ್ಟು ಕಾದಿದ್ದರೆ ಆ ಜೋಡಣೆ ಬಿಚ್ಚಿ ಮತ್ತೆ ಕ್ರಿಂಪ್ ಮಾಡಿ. ಬರೀ ಬೆಸುಗೆ ಹಾಕಿದ ತಿಂಬಲ್ ಕುಲುಕಾಟಕ್ಕೆ ಬೆಸುಗೆಯ ಅಂಚಿನಲ್ಲೇ ತುಂಡಾಗುತ್ತದೆ.

ಏರು ಹತ್ತಿ ಮೇಲೆ ತಲುಪಿದ ತಕ್ಷಣ ಕೀ ತೆಗೆಯಬೇಡಿ, ಕೀ ಜೊತೆಗೆ ಫ್ಯಾನೂ ನಿಲ್ಲುತ್ತದೆ. ಎರಡು ನಿಮಿಷ ಐಡಲ್ ಬಿಡಿ.

ಮೆಕ್ಕೆಜೋಳ, ಭತ್ತದ ಒಕ್ಕಣೆ ಮುಗಿದ ಮೇಲೆ ಒಂದು ಸಲ ಶ್ರೌಡ್ ಬಿಚ್ಚಲೇಬೇಕು. ರವದಿ, ಹೊಟ್ಟು ಎಲ್ಲ ಕೋರಿನ ಮುಖಕ್ಕೆ ಮೆತ್ತಿಕೊಂಡಿರುತ್ತದೆ, ಸಣ್ಣದು ಒಳಗೆ ನುಗ್ಗಿ ಶ್ರೌಡಿನ ತಳದಲ್ಲಿ ಕೂತಿರುತ್ತದೆ. ಗಾಳಿಯನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ಹೊಡೆಯಿರಿ, ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಕ್ಕೆ ಗಿಡಿಯುತ್ತದೆ. ವಾಟರ್ ಸರ್ವಿಸಿನ ಪ್ರೆಷರ್ ಗನ್ ಹತ್ತಿರ ಹಿಡಿಯಲು ಬಿಡಬೇಡಿ, ಫಿನ್ನುಗಳು ಮಲಗಿಬಿಡುತ್ತವೆ, ಮಲಗಿದ ಫಿನ್ನಿನ ಜಾಗದಲ್ಲಿ ಯಾವ ಫ್ಯಾನೂ ಗಾಳಿ ಎಳೆಯಲಾರದು.