ಇಂಗ್ಲೆಂಡಿನ ಲೆಸ್ಟರಿಗೆ ಹೊಸದಾಗಿ ಬಂದಿರೋ ನಮ್ಮವರಿಗೆ: ಚಳಿ ಹಿಡಿಯೋ ಮುಂಚೆ ಮನೆ ಬೆಚ್ಚಗೆ ಮಾಡ್ಕೊಳ್ಳೋದು

ಸೆಪ್ಟೆಂಬರ್ ಕೊನೆ ವಾರ ಬಂತು ಅಂದ್ರೆ ಹೊಸಬರ ಮೆಸೇಜು ಶುರುವಾಗುತ್ತೆ, ಅಕ್ಕ ಯಾವ ಹೀಟರ್ ತಗೊಳ್ಳಲಿ, ದಪ್ಪ ಡ್ಯೂವೆ (ಹೊದೆಯೋ ರಜಾಯಿ) ಎಲ್ಲಿ ಸಿಗುತ್ತೆ ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋ ಬದ್ಲು ಇಲ್ಲಿ ಬರೆದಿಡ್ತಿದ್ದೀನಿ. ನಾನು ತೀರ್ಥಹಳ್ಳಿ ಕಡೆಯವಳು, ಇಲ್ಲಿಗೆ ಬಂದಿದ್ದು 2009ರಲ್ಲಿ. ಮೊದಲ ಎರಡು ವರ್ಷ ಆಟಮ್‌ನಲ್ಲಿ (ಚಳಿಗೆ ಮುಂಚೆ ಎಲೆ ಉದುರೋ ಕಾಲ) ನಾನು ಮಾಡಿದ್ದು ಪೂರ್ತಿ ತಪ್ಪು, ಅದರ ಬೆಲೆ ಮಗಳೂ ಕೊಟ್ಟಳು, ಅದಕ್ಕೇ ಇಷ್ಟು ಉದ್ದ ಬರೀತಿರೋದು.

ಕಾಗದಪತ್ರದ್ದು ಮೊದಲು ಮುಗಿಸ್ತೀನಿ. ಕೀ ಕೈಗೆ ಬಂದ ದಿನವೇ ಗ್ಯಾಸ್, ಕರೆಂಟ್ ಮೀಟರ್ ಫೋಟೋ ತೆಗೆದಿಟ್ಕೊಳ್ಳಿ, ಜಿಪಿ (ನಮ್ಮ ಏರಿಯಾ ಡಾಕ್ಟರ್) ಹತ್ರ ಹೆಸರು ಬರೆಸಿ, ಕೌನ್ಸಿಲ್ ಟ್ಯಾಕ್ಸ್ (ಇಲ್ಲಿನ ಮನೆ ತೆರಿಗೆ) ಅಕೌಂಟ್ ಮಾಡಿ, ಓನರ್ ಹತ್ರ ಈ ವರ್ಷದ ಗ್ಯಾಸ್ ಸೇಫ್ಟಿ ಸರ್ಟಿಫಿಕೇಟ್ ಕೇಳಿ ಇಸ್ಕೊಳ್ಳಿ. ಅಷ್ಟೇ.

ಈಗ ಮನೆ ವಿಷಯ. ಊರಲ್ಲಿ ಮಳೆ ಹಿಡಿದ್ರೆ ಏನ್ ಮಾಡ್ತೀವಿ, ಕಿಟಕಿ ಬಾಗ್ಲು ಹಾಕ್ಕೊಂಡು ಒಳಗೆ ಕೂರ್ತೀವಿ. ಇಲ್ಲೂ ಅದನ್ನೇ ಮಾಡ್ದೆ. ನಾವಿದ್ದಿದ್ದು ನೂರು ವರ್ಷಕ್ಕಿಂತ ಹಳೇ ಟೆರೇಸ್ ಮನೆ (ಟೆರೇಸ್ ಅಂದ್ರೆ ಇಲ್ಲಿ ತಾರಸಿ ಅಲ್ಲ, ಒಂದಕ್ಕೊಂದು ಅಂಟಿಕೊಂಡಿರೋ ಸಾಲುಮನೆ), ಗೋಡೆ ಇಡೀ ಇಟ್ಟಿಗೆ, ಈಚಿನ ಮನೆಗಳ ಥರ ನಡುವೆ ಸಂದು ಇರಲ್ಲ, ಹೊರಗಿನ ಥಂಡಿ ನೇರ ಒಳಗೆ. ನಾನು ಗಾಳಿ ಬರ್ತಿದ್ದ ಜಾಗಕ್ಕೆಲ್ಲ ಪೇಪರ್ ತುರುಕಿದೆ, ಕಿಟಕಿ ಫ್ರೇಮಿನ ಮೇಲ್ಗಡೆ ಉದ್ದಕ್ಕೆ ಇರೋ ಪುಟ್ಟ ಕಿಂಡಿಗೆ ಟೇಪ್ ಅಂಟಿಸಿದೆ, ಅಡುಗೆಮನೆ ಎಕ್ಸಾಸ್ಟ್ ಫ್ಯಾನ್ ಹಾಕಿದ್ರೆ ಬಿಸಿ ಹೋಗುತ್ತೆ ಅಂತ ಅದನ್ನೂ ಹಾಕ್ಲಿಲ್ಲ, ದಿನಾ ಕುಕ್ಕರ್ ಕೂಗುತ್ತೆ, ಕುಚ್ಚಲಕ್ಕಿ ಬೇಯುತ್ತೆ, ಒದ್ದೆ ಬಟ್ಟೆ ಎಲ್ಲ ರೂಮು ಬೆಚ್ಚಗೆ ಮಾಡೋ ಬಿಸಿನೀರಿನ ರೇಡಿಯೇಟರ್ ಮೇಲೆ. ಬೆಳಗ್ಗೆ ಎದ್ರೆ ಕಿಟಕಿ ಗಾಜಿನ ಒಳಗಡೆ ನೀರು ಇಳೀತಿರೋದು, ಬಟ್ಟೇಲಿ ಒರೆಸಿ ಸಿಂಕಲ್ಲಿ ಹಿಂಡ್ತಿದ್ದೆ, ಪ್ರತಿ ದಿನ, ಇದು ಇಲ್ಲಿ ಮಾಮೂಲಿ ಅಂದ್ಕೊಂಡು.

ನನಗೆ ಹೊಳೀದೇ ಇದ್ದಿದ್ದು ಏನಂದ್ರೆ ಊರಿನ ಹೆಂಚಿನ ಮನೆ ನಾವು ಬಾಗ್ಲು ಹಾಕಿದ್ರೂ ಉಸಿರಾಡ್ತಿರುತ್ತೆ. ಹೆಂಚಿನ ಸಂದೀಲಿ ಹೊಗೆ, ಹಬೆ ಎಲ್ಲ ಹೋಗುತ್ತೆ, ಬಚ್ಚಲೊಲೆ ಬೆಳಗ್ಗೆ ಸಂಜೆ ಉರೀತಾ ಇರುತ್ತೆ, ಅದರ ಮೇಲೆ ಕಟ್ಟಿದ ಗಳದಲ್ಲಿ ಬಟ್ಟೆ ಒಣಗುತ್ತೆ. ಇಲ್ಲಿ ಡಬ್ಬಿ ಮುಚ್ಚಿದ ಹಾಗೆ, ನಾವು ಬಿಟ್ಟ ಉಸಿರು, ಸಾರಿನ ಹಬೆ, ಬಟ್ಟೆ ನೀರು ಎಲ್ಲ ತಣ್ಣಗಿರೋ ಗೋಡೆಗೆ ಹೋಗಿ ಕೂರುತ್ತೆ. ಅಲ್ಲಿ ಬೂಷ್ಟು.

ಮಗಳಿಗೆ ಆಗ ಮೂರು ವರ್ಷ. ರಾತ್ರಿ ಇಡೀ ಕೆಮ್ಮು. ಕಷಾಯ ಕುಡಿಸ್ದೆ, ವಿಕ್ಸ್ ಹಚ್ಚಿದೆ, ಇನ್ನೂ ಬಿಗಿಯಾಗಿ ಕಿಟಕಿ ಹಾಕ್ದೆ. ಎರಡನೇ ವರ್ಷ ದೀಪಾವಳಿಗೆ ಅಂತ ಅವಳ ರೂಮಿನ ವಾರ್ಡ್‌ರೋಬ್ ಎಳೆದ್ರೆ ಹಿಂದಿನ ಗೋಡೆ ನೆಲದಿಂದ ಸೊಂಟದ ಎತ್ತರದವರೆಗೂ ಕಪ್ಪು. ಅದರ ಬುಡದಲ್ಲೇ ನನ್ನ ಸೂಟ್‌ಕೇಸು, ಒಳಗೆ ಅಮ್ಮನ ಧಾರೆ ಸೀರೆ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದೆ. ಬಿಚ್ಚಿದ್ರೆ ಮುಗ್ಗಲು ವಾಸನೆ, ಮಡಿಕೆ ಮಡಿಕೆಗೂ ಸಾಲಾಗಿ ಹಸಿರು ಕಪ್ಪು ಚುಕ್ಕೆ, ಜರಿ ಕಂದಿಹೋಗಿತ್ತು. ಡ್ರೈಕ್ಲೀನ್‌ಗೆ ಕೊಟ್ಟೆ, ಹೋಗ್ಲಿಲ್ಲ. ಅಮ್ಮ ಇವತ್ತಿಗೂ ದೀಪಾವಳಿ ದಿನ ವಿಡಿಯೋ ಕಾಲಲ್ಲಿ ಆ ಸೀರೆ ಉಟ್ಕೋಬಾರ್ದೇನೇ ಅಂತಾಳೆ. ನಾನು ಇನ್ನೂ ಹೇಳಿಲ್ಲ.

ಅದಕ್ಕೇ ಹೇಳೋದು, ಎಷ್ಟೇ ಚಳಿ ಇರ್ಲಿ, ಬೆಳಗ್ಗೆ ಹತ್ತು ನಿಮಿಷ ಎಲ್ಲಾ ಕಿಟಕಿ ತೆಗೀರಿ. ಅಡುಗೆ ಮಾಡುವಾಗ, ಸ್ನಾನ ಆದ್ಮೇಲೆ ಫ್ಯಾನ್ ಓಡ್ಲಿ, ಆಗ ಅಡುಗೆಮನೆ, ಬಚ್ಚಲ ಬಾಗ್ಲು ಹಾಕಿರ್ಲಿ. ಫ್ರೇಮಿನ ಕಿಂಡಿ ಮುಚ್ಚಬೇಡಿ. ಬೀರು, ಸೋಫಾ ಹೊರಗೋಡೆಗೆ ತಾಗಿಸದೆ ಒಂದು ಅಂಗೈ ಜಾಗ ಬಿಡಿ. ಹೀಟಿಂಗ್ ದಿನವಿಡೀ ಆಫ್ ಮಾಡಿ ರಾತ್ರಿ ಒಂದೇ ಸಲ 25ಕ್ಕೆ ಇಡೋದಕ್ಕಿಂತ 18, 19ರಲ್ಲಿ ಸಮ ಇಟ್ರೆ ಗೋಡೆ ತಣ್ಣಗಾಗಲ್ಲ. ದುಡ್ಡು ಖರ್ಚು ಮಾಡೋದಾದ್ರೆ ಮೊದಲು ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರೋ ಮಷೀನು) ತಗೊಳ್ಳಿ, ಹೀಟರ್ ಆಮೇಲೆ. ಬಟ್ಟೆ ಒಣಹಾಕಿರೋ ರೂಮಲ್ಲಿ ರಾತ್ರಿ ಇಟ್ರೆ ಬೆಳಗ್ಗೆ ನಮ್ಮನೇಲಿ ಒಂದೂವರೆ ಲೀಟರ್ ನೀರು ಚೆಲ್ತೀವಿ, ಅಷ್ಟೂ ಗೋಡೆಗೆ ಹೋಗ್ತಿತ್ತು. ರೇಡಿಯೇಟರ್ ಮೇಲ್ಗಡೆ ತಣ್ಣಗೆ, ಕೆಳಗಡೆ ಬಿಸಿ ಇದ್ರೆ ಒಳಗೆ ಗಾಳಿ ಸೇರಿದೆ ಅಂತ, ಪುಟ್ಟ ಕೀ ಸಿಗುತ್ತೆ, ಹೀಟಿಂಗ್ ಆಫ್ ಮಾಡಿ, ತಣ್ಣಗಾದ್ಮೇಲೆ ತಿರುಗಿಸಿ ಗಾಳಿ ಬಿಡಿ.

ಇನ್ನೊಂದು ಮಾತು ಕೈಮುಗಿದು ಹೇಳ್ತೀನಿ. ಊರಿನ ಅಗ್ಗಿಷ್ಟಿಕೆ ನೆನಪಾಗಿ ಒಳಗೆ ಇದ್ದಿಲು ಹಾಕ್ಕೊಂಡು ಕೂರಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಮುಚ್ಚಿದ ರೂಮಲ್ಲಿ ಮಲಗಿದವರು ಏಳಲ್ಲ. ಅದರ ಅಲಾರಂ ಕೆಲಸ ಮಾಡ್ತಿದ್ಯಾ ಅಂತ ತಿಂಗಳಿಗೊಮ್ಮೆ ಬಟನ್ ಒತ್ತಿ ನೋಡಿ. ಒಗ್ಗರಣೆಗೆ ಕೂಗೋ ಹೊಗೆ ಅಲಾರಮ್ಮಿಗೂ ಬಟ್ಟೆ ಕಟ್ಟಬೇಡಿ, ಕಿಟಕಿ ತೆಗೆದು ಒಗ್ಗರಣೆ ಹಾಕಿ.

ಇನ್ನು ಬೆಳಕು. ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತೆ, ಅವತ್ತಿಂದ ಐದು ಗಂಟೆಗೆ ಮುಂಚೆನೇ ಕತ್ತಲು, ಡಿಸೆಂಬರಲ್ಲಂತೂ ನಾಲ್ಕಕ್ಕೇ ಸೂರ್ಯ ಇರಲ್ಲ. ನಮಗೆ ಮನೆ ಅಂದ್ರೆ ಬೆಳ್ಳಗಿನ ಟ್ಯೂಬ್‌ಲೈಟು, ನಾನೂ ಅದನ್ನೇ ಹಾಕಿಸಿದ್ದೆ, ಸಂಜೆ ಆಸ್ಪತ್ರೇಲಿ ಕೂತ ಹಾಗೆ ಅನ್ಸೋದು. 2700 ಕೆಲ್ವಿನ್ ಅಂತ ಬರೆದಿರೋ ಬಲ್ಬ್ ತಗೊಂಡು ಮೂಲೇಲಿ ಎರಡು ದೀಪ ಇಡಿ, ಬುಡ್ಡಿದೀಪದ ಬಣ್ಣ ಅದು, ಮನಸ್ಸು ಹಗುರ ಆಗುತ್ತೆ. ವಿಟಮಿನ್ ಡಿ ದಿನಕ್ಕೆ 10 ಮೈಕ್ರೋಗ್ರಾಂ ಅಂತ ಇಲ್ಲಿನ ಆರೋಗ್ಯ ಇಲಾಖೆಯವರೇ ಹೇಳ್ತಾರೆ, ಎಲ್ಲರಿಗೂ ಚಳಿಗಾಲಕ್ಕೆ, ನಮ್ಮಂಥ ಕಪ್ಪು ಮೈಬಣ್ಣದವರಿಗೆ ವರ್ಷ ಪೂರ್ತಿ ತಗೊಳ್ಳೋದು ಒಳ್ಳೇದು.

ಹೊದೆಯೋಕೆ 13.5 ಟಾಗ್ (ಎಷ್ಟು ಬೆಚ್ಚಗಿಡುತ್ತೆ ಅನ್ನೋ ಅಳತೆ) ಡ್ಯೂವೆ ಸಾಕು. ಆದ್ರೆ ಊರಿಂದ ಬರ್ತಾ ಒಂದು ಕುರಿ ಕಂಬಳಿ ತನ್ನಿ, ತೂಕ ಆಗುತ್ತೆ ಅಂತ ಬಿಟ್ಟು ಬರಬೇಡಿ. ನಮ್ಮ ಅಜ್ಜನದ್ದು ಸೋಫಾ ಮೇಲೆ ಇದೆ, ಚುಚ್ಚುತ್ತೆ ಅಂತ ಮಗಳು ಮುಟ್ತಿರಲಿಲ್ಲ, ಈಗ ಹೋಮ್‌ವರ್ಕ್‌ಗೆ ಅದನ್ನೇ ಕಾಲ್ಮೇಲೆ ಎಳ್ಕೊಳ್ತಾಳೆ. ಬಾಗ್ಲಡಿ ಗಾಳಿಗೆ ಹಳೇ ಕಾಟನ್ ಸೀರೆ ಸುತ್ತಿ ಸುರುಳಿ ಮಾಡಿ ಇಡಿ. ಇಡ್ಲಿ ಹಿಟ್ಟು ಅವನ್ ಒಳಗಿಟ್ಟು ಬರೀ ಲೈಟ್ ಹಾಕಿ, ಬೆಳಗ್ಗೆ ಹುದುಗು ಬಂದಿರುತ್ತೆ.

ಈ ಎಲೆ ಉದುರೋ ಹೊತ್ತಲ್ಲೇ ನಮ್ಮ ಕಡೆ ಭೂಮಿ ಹುಣ್ಣಿಮೆ. ತೆನೆ ಕಟ್ಟಿದ ಗದ್ದೆ ಬಸುರಿ, ಅವಳ ಬಯಕೆಗೆ ಅಂತ ಹತ್ತಾರು ಥರ ಸೊಪ್ಪು ಬೇಯಿಸಿ ಬೆಳಗಿನ ಜಾವ ಗದ್ದೇಲಿ ಬೀರಿ ಬರ್ತೀವಿ. ಇಲ್ಲಿ ಅದೇ ಹುಣ್ಣಿಮೆ ದಿನ ಮರಗಳು ಬರಿದಾಗ್ತಿರ್ತವೆ. ಮಗಳಿಗೆ ಈ ಹೊತ್ತು ಅಂದ್ರೆ ಪಾರ್ಕಲ್ಲಿ ಕಾಂಕರ್ (ಹಾರ್ಸ್ ಚೆಸ್ಟ್‌ನಟ್ ಮರದ ಕಂದು ಬೀಜ) ಆರಿಸೋದು, ಕುಂಬಳಕಾಯಿ ಕೊರೆಯೋದು, ಬೆಲ್‌ಗ್ರೇವ್ ರೋಡಿನ ದೀಪಾವಳಿ ಲೈಟು, ನವೆಂಬರ್ 5ರ ಪಟಾಕಿ. ಇದೇ ಅವಳ ಊರು. ಮೊದಲು ಇದಕ್ಕೆ ಸಂಕಟ ಪಡ್ತಿದ್ದೆ. ಈಗ ನಾನು ಅವತ್ತು ಪಾಲಕ್, ಮೆಂತ್ಯ, ಕೇಲ್ ಏನು ಸಿಗುತ್ತೋ ಅದನ್ನ ಬೇಯಿಸಿ ಒಂದು ಹಿಡಿ ಹಿತ್ತಿಲಿನ ಸೇಬಿನ ಗಿಡದ ಬುಡಕ್ಕೆ ಹಾಕ್ತೀನಿ, ಅವಳು ಟಾರ್ಚ್ ಹಿಡೀತಾಳೆ.

ಗಡಿಯಾರ ಹಿಂದೆ ಹೋಗೋ ಆ ಭಾನುವಾರದ ಸಂಜೆ ಒಬ್ಬರೇ ಇರೋರಿಗೆ ತುಂಬಾ ಕಷ್ಟ, ನನಗೆ ಗೊತ್ತು. ಈ ವರ್ಷ ಬಂದಿರೋರು ನಮ್ಮನೆಗೆ ಬನ್ನಿ, ಹುರುಳಿ ಸಾರು ಮಾಡಿರ್ತೀನಿ. ನಾಲ್ಕೂವರೆಗೇ ಹೊರಡಿ, ಚಪ್ಪಲಿ ಬಾಗ್ಲ ಒಳಗೇ ಬಿಡಿ, ಹೊರಗೆ ನೆನೆಯುತ್ತೆ.