ಎಫ್‌ಸಿ ಪಿಕಪ್‌ಗೆ ನಾರಿನ ಸೀಟು: ಎರಡು ಮಳೆಗಾಲ ತಾಳಿದ ಕೆಲಸ

"ಗಾಡಿ ಸೀಟಿಗೆ ತೆಂಗಿನ ನಾರು ಹಾಕ್ತೀಯಾ? ಹಾಸಿಗೆ ಅಂಗಡಿ ಇಟ್ಕೋ ಹೋಗು."

ನಾನು ಗಾಡಿಗಳ ಸೀಟು, ಕುಷನ್ ಕೆಲಸ ಮಾಡುವವನು. 2023ರ ಶುರುವಿನಲ್ಲಿ ಒಂದು ಹಳೇ ಪಿಕಪ್‌ಗೆ ಫೋಮ್ ಬದಲು ತೆಂಗಿನ ನಾರಿನ ಸೀಟು ಮಾಡುತ್ತೇನೆ ಅಂದಾಗ ಹೀಗೆ ಹೇಳಿದವರು ಒಬ್ಬಿಬ್ಬರಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾನು ಇಪ್ಪತ್ತು ವರ್ಷದಿಂದ ರೆಕ್ಸಿನ್ ತರುವ ಅಂಗಡಿಯವರು ಹೇಳಿದರು. ನನಗೆ ಕೆಲಸ ಕಲಿಸಿದ ಮೇಸ್ತ್ರಿಯೂ ಹೇಳಿದರು. ಆ ವರ್ಷ ಮಳೆ ಕೈಕೊಟ್ಟಿತು. ಸೀಟು ಚೆನ್ನಾಗಿಯೇ ಉಳಿಯಿತು, ಆದರೆ "ಮಳೆನೇ ಬರ್ಲಿಲ್ವಲ್ಲ, ಅದೇನು ಲೆಕ್ಕ" ಅಂದರು. 2024ರ ಜುಲೈನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿತ್ತಲ್ಲ, ಆ ಮಳೆಯಲ್ಲಿ ಈ ಗಾಡಿ ಸಕಲೇಶಪುರದ ಆಚೆ ಒಂದು ಕಾಫಿ ತೋಟದಲ್ಲಿ ದಿನಾ ಓಡಿದೆ. ಸೀಟು ಹಾಕಿದ ಹಾಗೇ ಇದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಗಾಡಿ ಮಹೀಂದ್ರ ಎಫ್‌ಸಿ. ಆರ್‌ಟಿಒದಲ್ಲಿ ಮಾಡಿಸುವ ಎಫ್‌ಸಿ ಅಲ್ಲ, ಫಾರ್ವರ್ಡ್ ಕಂಟ್ರೋಲ್. ಅಮೆರಿಕದ ವಿಲ್ಲಿಸ್‌ನವರ ಗಾಡಿ, ಇಲ್ಲಿ ಮಹೀಂದ್ರದವರು 1965ರಿಂದ ಮಾಡಿದರು. ಮೂತಿ ಇಲ್ಲ, ಎಂಜಿನ್ ಕ್ಯಾಬಿನ್ ಒಳಗೇ ಇದೆ. ಡ್ರೈವರ್‌ಗೂ ಪಕ್ಕದವರಿಗೂ ನಡುವೆ ಎಂಜಿನ್ ಪೆಟ್ಟಿಗೆ. ಈ ಕೆಲಸದ ಕಷ್ಟವೆಲ್ಲ ಆ ಪೆಟ್ಟಿಗೆಯದ್ದೇ. ಜೀಪಿಗೆ ಸೀಟು ಮಾಡುವ ಲೆಕ್ಕ ಇದಕ್ಕೆ ನಡೆಯೋದಿಲ್ಲ. ಒಂದು ಕಡೆ ಬೆಂಕಿ ಶಾಖ, ಇನ್ನೊಂದು ಕಡೆ ಬಾಗಿಲಿನಿಂದ ಮಳೆ ನೀರು, ನಡುವೆ ಒದ್ದೆ ಪ್ಯಾಂಟಿನಲ್ಲಿ ಬಂದು ಕೂರುವ ಜನ.

ಇದೇ ಗಾಡಿಗೆ 2019ರಲ್ಲಿ ನಾನೇ ಫೋಮ್ ಹಾಕಿ ಕೊಟ್ಟಿದ್ದೆ. ನಲವತ್ತು ಡೆನ್ಸಿಟಿ, ಒಳ್ಳೇ ಮಾಲು, ಮೋಸ ಮಾಡಿರಲಿಲ್ಲ. ಎರಡನೇ ಮಳೆಗಾಲಕ್ಕೆ ವಾಸನೆ ಶುರುವಾಯಿತು. 2022ರ ಕೊನೆಗೆ ಗಾಡಿಯ ಮಾಲೀಕರಾದ ಗೌಡರು ಅದನ್ನು ತಂದು ನಿಲ್ಲಿಸಿ, "ಮೇಸ್ತ್ರಿ, ಕೂತು ಎದ್ರೆ ಪ್ಯಾಂಟೆಲ್ಲ ಹಳದಿ ಪುಡಿ" ಅಂದರು. ಬಿಚ್ಚಿ ನೋಡಿದೆ. ಎಂಜಿನ್ ಪಕ್ಕದ ಅಂಚಿನಲ್ಲಿ ಫೋಮ್ ಹಿಡಿದರೆ ರವೆ ಥರ ಉದುರುತ್ತಿತ್ತು. ಬಾಗಿಲ ಕಡೆಯದು ಹಿಂಡಿದರೆ ನೀರು ಬರುತ್ತಿತ್ತು. ಒಂದೇ ಸೀಟು, ಒಂದೂವರೆ ಅಡಿ ಅಂತರ. ಅವತ್ತೇ ತೀರ್ಮಾನ ಮಾಡಿದೆ, ಈ ಗಾಡಿಗೆ ಇನ್ನು ಫೋಮ್ ಇಲ್ಲ.

ಗೌಡರಿಗೂ ಒಂದು ಆಸೆ ಇತ್ತು. ಆರ್‌ಸಿ 1971ರದ್ದು. 2021ರಲ್ಲಿ ಬಂದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಿ, ನಂಬರಿನಲ್ಲಿ 'ವಿಎ' ಅಕ್ಷರ ಪಡೆಯಬಹುದು. ಆದರೆ ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ವಿಂಟೇಜ್ ಮಾಡಿಸಿದ ಮೇಲೆ ದಿನಾ ಓಡಿಸುವ ಹಾಗಿಲ್ಲ. ಹಾಗಾಗಿ ಸದ್ಯ ತೋಟಕ್ಕೇ ಇರಲಿ, ಆದರೆ ಒಳಗೆ ಹಳೇ ಕಾಲದ ರೀತಿಯಲ್ಲೇ ಮಾಡಿ ಅಂದರು. ಬಕೆಟ್ ಸೀಟು ಗಿಕೆಟ್ ಸೀಟು ಬೇಡ ಅಂತ ನಾನೂ ಅದನ್ನೇ ಹೇಳುವವನಿದ್ದೆ.

ಫ್ರೇಮ್ ವಿಷಯ ಬೇಗ ಮುಗಿಸುತ್ತೇನೆ, ಈ ಕಸುಬಿನವರಿಗೆಲ್ಲ ಗೊತ್ತಿರುವುದೇ. ಡ್ರೈವರ್ ಸೀಟಿನ ಸ್ಪ್ರಿಂಗ್ ಕಟ್ಟು ಇತ್ತು, ನಾಲ್ಕೋ ಐದೋ ಮುರಿದಿದ್ದವು. ಪಕ್ಕದ್ದರಲ್ಲಿ ಹಲಗೆ ಹೊಡೆದು ರೆಕ್ಸಿನ್ ಸುತ್ತಿದ್ದರು. ಗುಜರಿಯಲ್ಲಿ ಅಂಬಾಸಿಡರ್ ಹಿಂದಿನ ಸೀಟೊಂದು ಎಂಟುನೂರಕ್ಕೆ ಸಿಕ್ಕಿತು. ಅದರ ಸ್ಪ್ರಿಂಗ್ ಕತ್ತರಿಸಿ ಎರಡಕ್ಕೂ ಹೊಂದಿಸಿದೆ. ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಎರಡು ಕೋಟು, ಸ್ಪ್ರಿಂಗ್ ಅಲ್ಲಾಡದಂತೆ ಎಂಟು ದಿಕ್ಕಿಗೆ ಹುರಿ ಕಟ್ಟಿ, ಮೇಲೆ ಗೋಣಿತಾಟು ಹಾಸಿ ದಬ್ಬಣದಲ್ಲಿ ಹೊಲಿದೆ. ಇಲ್ಲಿಯವರೆಗೆ ಯಾರು ಬೇಕಾದರೂ ಮಾಡಬಹುದು.

ನಾರಿನಲ್ಲಿ ಮಾತ್ರ ಮೂರು ಸಲ ಸೋತೆ.

ಮೊದಲು ಸುಲಭದ ದಾರಿ ಹಿಡಿದೆ. ಜನ ಕರ್ಲಾನ್ ಅಂತಲೇ ಕರೆಯುವ ರಬ್ಬರ್ ಹಾಕಿ ಅಂಟಿಸಿದ ತೆಂಗಿನ ನಾರಿನ ಹಾಸಿಗೆ ತಂದು ಸೀಟಿನ ಅಳತೆಗೆ ಕತ್ತರಿಸಿದೆ. ಹಾಸಿಗೆಯಾಗಿ ಅದು ಒಳ್ಳೇ ವಸ್ತು. ಕತ್ತರಿಸಿದ ಅಂಚು ಮಾತ್ರ ನಿಲ್ಲಲಿಲ್ಲ. ಗಾಡಿ ಸೀಟಿನ ಅಂಚಿನ ಮೇಲೆ ಹತ್ತುವಾಗ ಇಳಿಯುವಾಗ ತೊಡೆ ಜಾರುತ್ತಲ್ವಾ, ಹತ್ತು ದಿನದಲ್ಲಿ ಮೂಲೆ ಸವೆದು, ಅಂಚಿನ ಹೊಲಿಗೆಯ ಉರುಟು ಪಟ್ಟಿ, ಅಂದರೆ ಪೈಪಿಂಗ್, ಒಳಕ್ಕೆ ಕುಸಿಯಿತು. ಮೂರು ಸಾವಿರ ಹೋಯಿತು.

ಆಮೇಲೆ ನಾನೇ ಅಚ್ಚಿನಲ್ಲಿ ಮಾಡುತ್ತೇನೆ ಅಂತ ಅರಸೀಕೆರೆ ಕಡೆಯ ನಾರಿನ ಫ್ಯಾಕ್ಟರಿಯಿಂದ ಒಂದು ಹೊರೆ ನಾರು ತಂದೆ. ಸುಳ್ಯದ ಕಡೆ ರಬ್ಬರ್ ತೋಟ ಇರುವ ಸ್ನೇಹಿತರೊಬ್ಬರು ಅಮೋನಿಯ ಹಾಕಿದ ರಬ್ಬರ್ ಹಾಲು ಒಂದು ಕ್ಯಾನ್ ಕೊಟ್ಟರು. ಹಲಗೆಯ ಅಚ್ಚಿನಲ್ಲಿ ನಾರು ತುಂಬಿ, ಹಾಲು ಸುರಿದು, ಒತ್ತಿ, ತಾರಸಿಯಲ್ಲಿ ಒಣಗಿಸಿದೆ. ನೋಡಲು ಬಹಳ ಚೆಂದ ಬಂತು. ಮೂರು ವಾರಕ್ಕೆ ಐದಿಂಚು ಇದ್ದದ್ದು ಮೂರಿಂಚಾಯಿತು. ಮಾರ್ಚ್ ಬಿಸಿಲಿಗೆ ಒಳಗೆಲ್ಲ ಹಲಸಿನ ಮೇಣದ ಹಾಗೆ ಅಂಟು. ಮೇಲಿನ ರೆಕ್ಸಿನ್ ಬಿಚ್ಚಲು ಅರ್ಧ ದಿನ ಹಿಡಿಯಿತು, ನಾರಿನ ಪುಡಿ ಹೊಲಿಗೆ ತೂತಿನಿಂದ ಬಂದು ಸೀಟಿನ ಮೇಲೆ ಕಂದು ಗೆರೆ ಎಳೆದಿತ್ತು.

ಕಾರಣ ಹುಡುಕುತ್ತಾ ತಿಪಟೂರಿಗೆ ಎರಡು ಸಲ ಹೋದೆ. ಅಲ್ಲಿ ಹಗ್ಗ ಮಾಡುವ ಹಿರಿಯರೊಬ್ಬರು ನನ್ನ ಕೈಗೆ ಒಂದೆಳೆ ನಾರು ಕೊಟ್ಟು, ಇನ್ನೊಂದು ಕೈಗೆ ಬಿಗಿಯಾಗಿ ಹೊಸೆದ ಹಗ್ಗದಿಂದ ಬಿಚ್ಚಿದ ಎಳೆ ಕೊಟ್ಟರು. ಮೊದಲನೆಯದು ಪೊರಕೆ ಕಡ್ಡಿಯಂತೆ ನೆಟ್ಟಗೆ. ಎರಡನೆಯದು ಸ್ಪ್ರಿಂಗ್. ಎಳೆದು ಬಿಟ್ಟರೆ ಚುರುಕಾಗಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ನೆಟ್ಟಗಿನ ನಾರು ಒಂದರ ಮೇಲೊಂದು ಮಲಗಿಬಿಡುತ್ತದೆ, ಎದ್ದು ನಿಲ್ಲುವುದಿಲ್ಲ. ನಾರನ್ನು ಬಿಗಿ ಹಗ್ಗ ಮಾಡಿ, ಕೆಲವು ವಾರ ಹಾಗೇ ಬಿಟ್ಟು, ಆಮೇಲೆ ಬಿಚ್ಚಬೇಕು. ಆಗ ಸುರುಳಿ ಕೂರುತ್ತದೆ. ನಾರಿನ ಹಾಸಿಗೆ ಕಂಪನಿಗಳು ಮಾಡುವುದು ಅದನ್ನೇ. ನಾನು ಇಪ್ಪತ್ತೈದು ವರ್ಷ ಕುಷನ್ ಕೆಲಸ ಮಾಡಿ ಆ ಎಳೆಯನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಅವತ್ತೇ ಹದಿನೈದು ಕಿಲೋ ಸುರುಳಿ ಹಗ್ಗ ತಂದೆ.

ಅಂಟಿನ ತೊಂದರೆಗೆ ಮದ್ದು ಪ್ರೀವಲ್ಕನೈಸ್ಡ್ ಲ್ಯಾಟೆಕ್ಸ್, ಅಂದರೆ ಮೊದಲೇ ಹದ ಮಾಡಿಟ್ಟ ರಬ್ಬರ್ ಹಾಲು. ಬಲೂನು, ಗ್ಲೌಸು ಮಾಡುವವರು ಬಳಸುವುದು, ಒಣಗಿದರೆ ಸಾಕು, ಬಿಸಿಲಿಗೆ ಕರಗುವುದಿಲ್ಲ. ಕೇರಳದಿಂದ ಒಂದು ಕ್ಯಾನ್ ತರಿಸಿದೆ, ಸಾಗಾಣಿಕೆ ಸೇರಿ ಸುಮಾರು ನಾಲ್ಕೂವರೆ ಸಾವಿರ ಆಯಿತು.

ಇಲ್ಲೇ ಮೂರನೇ ಪೆಟ್ಟು ತಿಂದದ್ದು. ಲ್ಯಾಟೆಕ್ಸ್ ಸಿಂಪಡಿಸುವಾಗ ಪೇಂಟ್ ಗನ್ ಕಟ್ಟಿಕೊಳ್ಳುತ್ತಿತ್ತು ಅಂತ ತೋಟದ ಹಳೇ ಸ್ಪ್ರೇ ಪಂಪ್ ತೊಳೆದು ತಂದು ಹೊಡೆದೆ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಔಷಧಿ ಹೊಡೆಯುತ್ತಿದ್ದ ಪಂಪ್. ಎರಡು ತಿಂಗಳಿಗೆ ಆ ಸೀಟಿನ ಒಳಗೆ ರಬ್ಬರ್ ಕೆಲವೆಡೆ ಪಿಸಿಪಿಸಿ, ಕೆಲವೆಡೆ ಒಣ ಹಪ್ಪಳ. ಸುಳ್ಯದ ಸ್ನೇಹಿತರಿಗೆ ಫೋನ್ ಮಾಡಿದರೆ, "ಅಯ್ಯೋ, ಮೈಲುತುತ್ತದ ಪಂಪಾ? ತಾಮ್ರಕ್ಕೂ ರಬ್ಬರಿಗೂ ಆಗೂದೇ ಇಲ್ಲ ಮಾರಾಯ್ರೇ" ಅಂದರು. ಮೈಲುತುತ್ತದಲ್ಲಿ ಇರುವುದು ತಾಮ್ರ, ಎಷ್ಟು ತೊಳೆದರೂ ಪಂಪಿನಲ್ಲಿ ಉಳಿದೇ ಇರುತ್ತದೆ. ಹೊಸ ಪ್ಲಾಸ್ಟಿಕ್ ಪಂಪ್ ತಗೊಂಡೆ, ಆರುನೂರು ರೂಪಾಯಿ. ಅದಕ್ಕೆ ಬೇರೆ ಏನೂ ಹಾಕಲು ಬಿಡುವುದಿಲ್ಲ, ಬೀಗ ಹಾಕಿ ಇಡುತ್ತೇನೆ.

ಕೊನೆಗೆ ನಿಂತ ರೀತಿ ಇದು. ಸುರುಳಿ ನಾರನ್ನು ಬಿಡಿಸಿ, ಜಾಲರಿ ಮೇಲೆ ಬಡಿದು ಪುಡಿ ತೆಗೆಯಬೇಕು. ತಳಕ್ಕೆ ತೂತು ಕೊರೆದ ಹಲಗೆಯ ಅಚ್ಚು. ಒಂದಿಂಚು ಪದರ, ಸಿಂಪರಣೆ, ಮತ್ತೆ ಒಂದಿಂಚು. ಹದಿನೆಂಟಕ್ಕೆ ಇಪ್ಪತ್ತಿಂಚು ಅಳತೆಯ ಸೀಟಿಗೆ ಐದಿಂಚು ದಪ್ಪಕ್ಕೆ ಎರಡೂವರೆ ಕಿಲೋ ನಾರು ಹಿಡಿಯಿತು. ಅಂಚಿಗೆ ನಡುವಿಗಿಂತ ಜಾಸ್ತಿ ತುಂಬಬೇಕು. ಲ್ಯಾಟೆಕ್ಸ್‌ಗೆ ಎಷ್ಟು ನೀರು, ಅಚ್ಚಿನ ಮೇಲೆ ಎಷ್ಟು ಭಾರ, ಯಾವಾಗ ಮಗುಚಬೇಕು ಅನ್ನೋದನ್ನ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಹನ್ನೊಂದು ಸಾವಿರ ಕಳೆದುಕೊಂಡಿದ್ದೇನೆ, ನನ್ನ ಅಂಗಡಿ ಅದರಲ್ಲೇ ನಡೆಯಬೇಕು.

ನಡುವೆ ಇನ್ನೊಂದು ಪ್ರಯೋಗ ಮಾಡಿದ್ದೆ. ಚಳ್ಳಕೆರೆ ಕಡೆ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡುತ್ತಾರೆ. ಲ್ಯಾಟೆಕ್ಸ್ ಯಾಕೆ, ಅದನ್ನೇ ನಾರಿಗೆ ಹಾಕೋಣ ಅಂತ ಒಂದು ಸಣ್ಣ ತುಂಡು ಮಾಡಿದೆ. ಒಣಗಿದ ಮೇಲೆ ಹಲಗೆಯಂತಾಯಿತು. ಅಂಗಡಿಯಲ್ಲಿ ಇಟ್ಟಿದ್ದನ್ನು ಒಂದು ವಾರದಲ್ಲಿ ಇಲಿ ಮುಗಿಸಿತು. ಆದರೆ ಆ ನೆಪದಲ್ಲಿ ಕಂಬಳಿ ಕೈಗೆ ಬಂತು. ನಾರಿನ ಮೇಲೆ ಹತ್ತಿ ಹಾಸಿದರೆ ಮಲೆನಾಡಿನಲ್ಲಿ ಬೂಷ್ಟು ಹಿಡಿಯುತ್ತದೆ, ಏನೂ ಹಾಸದಿದ್ದರೆ ನಾರು ರೆಕ್ಸಿನ್ ಚುಚ್ಚುತ್ತದೆ. ಮಳೆಯಲ್ಲಿ ಕುರಿ ಕಾಯುವವರು ಹೊದೆಯುವುದು ಏನು? ಕಂಬಳಿ ತಾನೇ! ಸಾವಿರದ ಇನ್ನೂರಕ್ಕೆ ಒಂದು ತಂದು, ಗಂಜಿ ಹೋಗುವವರೆಗೆ ಎರಡು ಸಲ ಒಗೆದು, ನಾರಿನ ಮೇಲೆ ಒಂದು ಪದರ ಹಾಸಿ ಸುತ್ತ ದಬ್ಬಣದ ಹೊಲಿಗೆ ಹಾಕಿದೆ. ಒಗೆಯದೆ ಹಾಕಿದರೆ ಹುಳ ಬರುತ್ತದೆ. ನುಸಿಗೆ ನಾನು ಇನ್ನೊಂದು ಮಾಡುತ್ತೇನೆ, ಅದೂ ನನ್ನ ಹತ್ತಿರವೇ ಇರಲಿ. ಈ ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು ಆ ಕಂಬಳಿ.

ರೆಕ್ಸಿನ್ ಕಾಫಿ ಬಣ್ಣದ್ದು, ಹಳೇ ಬಸ್ಸಿನ ಸೀಟಿನ ಥರ ದಪ್ಪ ನೆರಿಗೆಯದ್ದು. ಮೀಟರಿಗೆ ಐನೂರ ಚಿಲ್ಲರೆ, ಆರು ಮೀಟರ್ ಬೇಕಾಯಿತು. ಕೂರುವ ಜಾಗಕ್ಕೆ ಪಟ್ಟಿ ಹೊಲಿಗೆ ಹಾಕಲಿಲ್ಲ. ಗೌಡರ ಮಗನಿಗೆ ಪಟ್ಟಿ ಬೇಕಿತ್ತು. ಹೊಲಿಗೆಯ ಪ್ರತಿ ತೂತೂ ನೀರಿಗೆ ದಾರಿ ಅಂತ ಹೇಳಿ ಬೆನ್ನಿನ ಕಡೆ ಮಾತ್ರ ಹಾಕಿ ಕೊಟ್ಟೆ. ಹಿಂಬದಿ ಪಟ್ಟಿಗೆ ಸೀಟಿಗೆ ನಾಲ್ಕರಂತೆ ಐಲೆಟ್, ಅಂದರೆ ಬಳೆ ಕೂರಿಸಿದ ಸಣ್ಣ ಗಾಳಿ ತೂತು, ಹೊಡೆದೆ. ಕೂತಾಗ ಅದರಲ್ಲಿ ಗಾಳಿ ಸುಯ್ಯೆಂದು ಹೊರಗೆ ಹೋಗುತ್ತದೆ, ಎದ್ದಾಗ ಒಳಗೆ ಬರುತ್ತದೆ. ದಿನಾ ಹತ್ತಿಳಿದರೆ ಸೀಟು ತಾನೇ ಒಣಗುತ್ತಿರುತ್ತದೆ. ಐಲೆಟ್ ಇಲ್ಲದಿದ್ದರೆ ನಾರು ಹಾಕಿಯೂ ಪ್ರಯೋಜನ ಇಲ್ಲ.

ಎಂಜಿನ್ ಪೆಟ್ಟಿಗೆಗೆ ಮೊದಲು ಬಬಲ್ ಇರುವ ಬೆಳ್ಳಿ ಬಣ್ಣದ ಶೀಟು ಅಂಟಿಸಿದೆ. ಎಂಜಿನ್ನಿನ ಬಿಸಿ ಹೊಗೆ ಹೋಗುವ ಮೆನಿಫೋಲ್ಡ್ ಕಡೆ ಎರಡೇ ದಿನಕ್ಕೆ ಕರಗಿ ಮುದುಡಿತು. ಮೇಲಿನ ರೆಕ್ಸಿನ್ನನ್ನು ಎಸ್ಆರ್ ಗಮ್‌ನಲ್ಲಿ ಅಂಟಿಸಿದ್ದೆ, ಘಾಟಿ ಹತ್ತಿಸಿದಾಗ ಗಮ್ ಬಿಟ್ಟು ಗುಳ್ಳೆ ಎದ್ದಿತು. ಆಮೇಲೆ ಒಳಗಡೆ ಅಲ್ಯೂಮಿನಿಯಂ ಮುಖದ ಗ್ಲಾಸ್ ಫೈಬರ್ ಬಟ್ಟೆ ಹಾಕಿದೆ, ಆದರೆ ತಗಡಿಗೆ ಅಂಟಿಸಲಿಲ್ಲ. ವಾಷರ್ ಕೊಟ್ಟು ಬೋಲ್ಟ್ ಮಾಡಿ, ನಡುವೆ ಕಾಲಿಂಚು ಗಾಳಿ ಬಿಟ್ಟೆ. ಹೊರಗಡೆ ಸೆಣಬಿನ ಫೆಲ್ಟು, ಅದರ ಮೇಲೆ ರೆಕ್ಸಿನ್, ಅಂಚಿಗೆ ತೆಳು ಪಟ್ಟಿ ಹಾಕಿ ಸ್ಕ್ರೂ. ಗಮ್ ಎಲ್ಲೂ ಇಲ್ಲ. ಮೆಕ್ಯಾನಿಕ್ ಹುಡುಗನ ಹತ್ತಿರ ಶಾಖ ನೋಡುವ ಗನ್ ಇತ್ತು. ಘಾಟಿ ಹತ್ತಿ ನಿಲ್ಲಿಸಿದಾಗ ಪೆಟ್ಟಿಗೆ ಮೇಲೆ ಮೊದಲು ಎಪ್ಪತ್ತು ಡಿಗ್ರಿ ಹತ್ತಿರ ತೋರಿಸುತ್ತಿದ್ದದ್ದು ಆಮೇಲೆ ನಲವತ್ತೈದು ಆಸುಪಾಸು. ಗೌಡರ ಹೆಂಡತಿ ಈಗ ಅದರ ಮೇಲೆ ಕೈಚೀಲ ಇಡುತ್ತಾರೆ.

ಡೋರ್ ಪ್ಯಾಡ್, ರೂಫಿಗೆಲ್ಲ ಹೊಸದೇನೂ ಮಾಡಲಿಲ್ಲ. ಹಾರ್ಡ್‌ಬೋರ್ಡ್ ಹಿಂಬದಿಗೆ ವಾರ್ನಿಷ್ ಎರಡು ಕೋಟು, ತಳದಲ್ಲಿ ಅರ್ಧ ಇಂಚು ಬಿಟ್ಟು ಕತ್ತರಿಸಿದೆ, ನೀರು ತಾಗದ ಹಾಗೆ.

ದುಡ್ಡಿನ ಲೆಕ್ಕ: ಕೊನೆಯ ಸಲಕ್ಕೆ ಸಾಮಾನು ಹದಿನಾರು, ಹದಿನೇಳು ಸಾವಿರ. ಫೋಮ್‌ನಲ್ಲಾಗಿದ್ದರೆ ಒಂಬತ್ತರಲ್ಲಿ ಮುಗಿಯುತ್ತಿತ್ತು. ಕೂಲಿ ಸೇರಿ ಮೂವತ್ತೆಂಟು ಹೇಳಿದ್ದೆ, ಗೌಡರು ನಲವತ್ತು ಕೊಟ್ಟರು. ಪ್ರಯೋಗಕ್ಕೆ ಹಾಳಾದ ಹನ್ನೊಂದು ಸಾವಿರ ನನ್ನದು, ಅವರ ಮೇಲೆ ಹಾಕಲಿಲ್ಲ. ಹಳೇ ಫೋಮ್ ನನ್ನ ಕೈಯ ಕೆಲಸವೇ ಆಗಿತ್ತಲ್ಲ.

ಹೋದ ತಿಂಗಳು ಬಾಗಿಲಿನ ಬೀಡಿಂಗ್ ಹಾಕಿಸಲು ಗಾಡಿ ಬಂದಿತ್ತು. ನನ್ನ ಮೇಸ್ತ್ರಿಯವರೂ ಅವತ್ತು ಅಂಗಡಿಯಲ್ಲಿದ್ದರು. ಹಿಂಬದಿ ಹೊಲಿಗೆ ನಾಲ್ಕು ಇಂಚು ಬಿಚ್ಚಿ, "ಕೈ ಹಾಕಿ ನೋಡಿ" ಅಂದೆ. ಒಳಗೆ ಬೆರಳಾಡಿಸಿ, ತೆಗೆದು ಮೂಸಿ ನೋಡಿದರು. "ಒಣಗಿದೆ ಕಣಯ್ಯಾ" ಅಂದರು. ಆಮೇಲೆ ಸೀಟಿನ ಮೇಲೆ ಕೂತು ಎರಡು ಸಲ ಎದ್ದರು. ಹೋಗುವಾಗ ಅವರ ಅಳಿಯನ ಹಳೇ ಜೀಪಿನ ಅಳತೆ ಬರೆದುಕೊಟ್ಟು ಹೋದರು, ತಿಪಟೂರಿಗೆ ಹಗ್ಗಕ್ಕೆ ಹೇಳಿದ್ದೇನೆ.